ಉತ್ತರದ ಗೋಡೆಯ ಅಳತೆ

"ಆ ಬಿಲ್ಲೆ ಒಂದಕ್ಕೆ ಮಾತ್ರ ಕೈ ಹಾಕಬೇಡಿ ತಾಯಿ," ಎಂದ ಗಂಟೆಯಜ್ಜ.

ನಗರದ ಅತಿ ಹಳೆಯ ಚರ್ಚು ಅದು. ಅದರ ಉತ್ತರದ ಗೋಡೆಯಲ್ಲಿ, ಎದೆಯೆತ್ತರಕ್ಕೆ, ಅಂಗೈಯಗಲದ ಗಾರೆಯ ಬಿಲ್ಲೆಯೊಂದು ಮೆತ್ತಿಕೊಂಡಿತ್ತು. ಸುತ್ತಲಿನ ಕಲ್ಲೆಲ್ಲ ಬೂದು. ಅದೊಂದು ಮಾತ್ರ ಹಳದಿಗಟ್ಟಿದ ಹಲ್ಲಿನ ಬಣ್ಣ. ದುರಸ್ತಿಗೆ ಮೊದಲು ಕಟ್ಟಡ ಪರೀಕ್ಷಿಸಲು ಬಂದಿದ್ದ ಇಂಜಿನಿಯರಮ್ಮನಿಗೆ ಬಂದ ದಿನದಿಂದಲೂ ಅದರ ಮೇಲೇ ಕಣ್ಣು. ಮೂವತ್ತು ವರ್ಷದಿಂದ ಅಲ್ಲಿ ಗಂಟೆ ಹೊಡೆಯುತ್ತಿದ್ದ ಅಜ್ಜನಿಗೆ ಅವಳ ಮೇಲೆ ಕಣ್ಣು.

"ಯಾಕಜ್ಜ, ಒಳಗೆ ದೆವ್ವ ಕೂತಿದೆಯಾ?"

ಅಜ್ಜ ನಗಲಿಲ್ಲ. ಕಟ್ಟುವಾಗ ಈ ಗೋಡೆ ಮೂರು ಸಲ ಕುಸಿಯಿತಂತೆ. ನಾಲ್ಕನೆಯ ಸಲ ಮೇಸ್ತ್ರಿ ಒಬ್ಬ ಮಾಟಗಾರನ ಮಾತು ಕೇಳಿ, ಮಧ್ಯಾಹ್ನ ಮಲಗಿದ್ದ ತನ್ನ ಸ್ವಂತ ತಮ್ಮನನ್ನು ನೆತ್ತಿಯಿಂದ ಹಿಮ್ಮಡಿಯವರೆಗೆ ದಾರದಲ್ಲಿ ಅಳೆದ. ದಾರವನ್ನು ಗೋಡೆಯೊಳಗಿಟ್ಟು ಗಾರೆ ಮೆತ್ತಿದ. ಗೋಡೆ ನಿಂತಿತು. ನಲವತ್ತನೆಯ ದಿನ ತಮ್ಮ ಸತ್ತ.

"ಆ ಅಳತೆ ತೆಗೆದರೆ ಗೋಡೆ ಇನ್ನೊಬ್ಬರದ್ದು ಕೇಳುತ್ತೆ."

"ಗೋಡೆ ನಿಂತಿರೋದು ಸುಣ್ಣದ ಮೇಲೆ ಅಜ್ಜ, ದಾರದ ಮೇಲಲ್ಲ!"

ಮೇಲೆ, ಗಂಟೆಗೋಪುರದಲ್ಲಿ ಬಿರುಕುಗಳ ಫೋಟೋ ತೆಗೆಯುತ್ತಿದ್ದ ಅವಳ ಗಂಡನೂ ನಕ್ಕ. ಕಮಾನುಗಳು ಆ ನಗುವನ್ನು ಒಂದರಿಂದ ಒಂದಕ್ಕೆ ದಾಟಿಸಿ, ಪೀಠದ ಹಿಂದಿನ ಕತ್ತಲೆಗೆ ಒಪ್ಪಿಸಿದವು.

ಮಾರನೆಯ ದಿನ ಅಜ್ಜ ಊಟಕ್ಕೆ ಹೋದದ್ದೇ ತಡ, ಅವಳು ಉಳಿ ಹಿಡಿದಳು. ನಾಲ್ಕೇ ಪೆಟ್ಟು. ಬಿಲ್ಲೆ ಉದುರಿತು. ಗೂಡಿನಿಂದ ಬೆವರಿನ ವಾಸನೆ ಬಂತು, ಈಗಷ್ಟೇ ನಿದ್ದೆಯಿಂದೆದ್ದವರ ಮೈಯದು. ಒಳಗೆ ಸುರುಳಿ ಸುತ್ತಿದ ದಾರ. ಎರಡು ಬೆರಳಲ್ಲಿ ಎತ್ತಿದಳು. ಬೆಚ್ಚಗಿತ್ತು. ನೋಡನೋಡುತ್ತಲೇ ಪುಡಿಪುಡಿಯಾಯಿತು.

ಗೋಡೆ ನರಳಿತು.

ಮೊದಲು ಮರಳು ಸುರಿಯಿತು. ಆಮೇಲೆ ಚಕ್ಕೆಗಳು. ಬಿರುಕೊಂದು ಬುಡದಿಂದ ಮೇಲಕ್ಕೆ, ಗೋಪುರದತ್ತ ಹರಿಯಿತು. ಅಂದೂ ಫೋಟೋ ತೆಗೆಯಲು ಮೇಲೆ ಹತ್ತಿದ್ದ ಗಂಡ ನಿಂತಿದ್ದ ಮರದ ಏಣಿ ಕಿರುಗುಟ್ಟಿತು.

"ರೀ! ಇಳೀರಿ! ಬೇಗ!"

"ಏಣಿ ಜಾರ್ತಿದೆ ಕಣೇ! ಕಾಲಿಡೋಕಾಗ್ತಿಲ್ಲ!"

ಬಾಗಿಲಲ್ಲಿ ಅಜ್ಜ. ಗೂಡನ್ನು ಕಂಡ. ಒಂದು ಮಾತೂ ಬೈಯಲಿಲ್ಲ. ಓಡಿಬಂದು, ಅವಳಿಗೆ ಬೆನ್ನು ಮಾಡಿ, ಇಡೀ ಮೈಯಿಂದ ಏಣಿಯನ್ನು ತಬ್ಬಿ ನಿಂತ. ತಲೆಯ ಮೇಲೆ ಕಲ್ಲು ಕದಲಿತು. ದೂಳಿನಲ್ಲಿ ಉಸಿರು ಕಟ್ಟಿತು. ಗೂಡು ಬಾಯಿ ತೆರೆದುಕೊಂಡೇ ಇತ್ತು.

ಅವಳ ಜೇಬಿನಲ್ಲಿ ಗೋಡೆಯ ನೇರ ನೋಡುವ ತೂಗುಗುಂಡಿನ ದಾರವಿತ್ತು. ತನ್ನ ನೆತ್ತಿಗೆ ಹಿಡಿದಳು. ತೆಗೆದಳು. ಎದುರಿಗೆ ಅಜ್ಜನ ಬೆನ್ನು. ನೆತ್ತಿಯಿಂದ ಹಿಮ್ಮಡಿಗೆ. ಸದ್ದಿಲ್ಲದೆ. ಕತ್ತರಿಸಿದಳು. ತುರುಕಿದಳು. ಬಿಲ್ಲೆಯ ಚೂರುಗಳನ್ನು ಅಂಗೈಯಿಂದ ಒತ್ತಿದಳು.

ಎಲ್ಲ ನಿಂತಿತು.

ಗಂಡ ಇಳಿದು ನೆಲದ ಮೇಲೆ ಕುಸಿದು ಕೂತ. ಅಜ್ಜ ತಿರುಗಿದ. ಅವಳ ಕೈಯಲ್ಲಿ ತುಂಡಾದ ದಾರ ಕಂಡ.

"ಯಾರ ಅಳತೆ, ತಾಯಿ?"

"ನಂದೇ ಅಜ್ಜ," ಎಂದಳು.

ಮುದುಕ ಅವಳ ತಲೆಯ ಮೇಲೆ ಕೈಯಿಟ್ಟು ಗಳಗಳ ಅತ್ತುಬಿಟ್ಟ.

ಅಂದಿನಿಂದ ದಿನಾ ಪೀಠದ ಮುಂದೆ ಮಂಡಿಯೂರಿ ಅವಳಿಗಾಗಿ ಬೇಡಿಕೊಂಡ. ದಿನಾ ಒಂದಿಷ್ಟು ಕರಗಿದ. ಮೊದಲು ಅಂಗಿ ಸಡಿಲವಾಯಿತು, ಆಮೇಲೆ ಮೆಟ್ಟಿಲು ಹತ್ತಲಾಗಲಿಲ್ಲ, ಗಂಟೆ ಬೇರೆಯವರ ಕೈ ಸೇರಿತು. ಡಾಕ್ಟರಿಗೆ ಯಾವ ಕಾಯಿಲೆಯೂ ಸಿಗಲಿಲ್ಲ. ಅವಳು ಎರಡು ಸಲ ಉಳಿ ಹಿಡಿದು ಗೋಡೆಯ ಮುಂದೆ ನಿಂತಳು. ಎರಡು ಸಲವೂ ಗಂಡನ ಮುಖ ನೆನೆದು ವಾಪಸಾದಳು. ಗಂಡನಿಗೂ ನಿಜ ಹೇಳಲಿಲ್ಲ.

ನಲವತ್ತನೆಯ ಮಧ್ಯಾಹ್ನ ಅಜ್ಜ ಅವಳನ್ನು ಕರೆಸಿದ. ಚರ್ಚಿನ ಹಿಂದಿನ ಕೋಣೆ, ಕಬ್ಬಿಣದ ಮಂಚ, ಅದರ ಮೇಲೆ ಒಂದು ಹಿಡಿ ಮೂಳೆ. ಅವಳ ಕೈ ಹಿಡಿದ. ಮುಖದ ತುಂಬ ನಗು.

"ಅವಳ ಬದಲು ನನ್ನ ಕರ್ಕೋ ಅಂತ ದಿನಾ ಕೇಳ್ಕೊಂಡೆ ಮಗಳೇ. ದೇವರು ಒಪ್ಪಿಬಿಟ್ಟ, ನೋಡು. ಇನ್ನು ನೀನು ಹೆದರಬೇಡ."

ನಿಜ ಅವಳ ನಾಲಿಗೆಯ ತುದಿಯವರೆಗೆ ಬಂತು. ನುಂಗಿಕೊಂಡಳು. ಆ ಕೈ ತಣ್ಣಗಾಗುವವರೆಗೂ ಹಿಡಿದೇ ಕೂತಳು.