ಬೆಳಕಿನ ಕೆಳಗೆ ಮಾತಿಲ್ಲ

"ಕರಾಶೋಕ್ ಬೇಡ, ಲೊಫೋಟೆನ್ ದ್ವೀಪಕ್ಕೆ ಹೋಗೋಣ," ಎಂದಳು ರಾವ್ನಾ. "ಜನವರಿಲಿ ಅಲ್ಲಿ ಕಾಡ್ ಮೀನು ಬರುತ್ತೆ. ಹೊಟ್ಟೆ ಬಿರಿಯೋ ಹಾಗೆ ತಿನ್ನಬಹುದು."

ಊಟದ ಮೇಜಿನ ಮೇಲೆ ನಕ್ಷೆ ಹಾಸಿಕೊಂಡು ಕೂತಿದ್ದ ಐವಿಂಡ್ ತಲೆ ಎತ್ತಿದ. "ನಾವು ಹೋಗ್ತಿರೋದು ರಾತ್ರಿ ಆಕಾಶದಲ್ಲಿ ಹೊಳೆಯೋ ಉತ್ತರದ ಬೆಳಕು ನೋಡೋಕೆ ಕಣೇ, ಮೀನು ನೋಡೋಕಲ್ಲ. ಕಡಲಿದ್ದ ಕಡೆ ಮೋಡ ಇರುತ್ತೆ. ಮೋಡ ನೋಡೋಕೆ ಬರ್ಗೆನ್ ಬಿಟ್ಟು ಹೋಗ್ಬೇಕಾ?"

ಕಿಟಕಿಯಾಚೆ ಬರ್ಗೆನ್ನಿನ ಮಳೆ ಅವನ ಮಾತಿಗೆ ಹೂಂಗುಟ್ಟುತ್ತಿತ್ತು.

"ಕರಾಶೋಕ್ ಅಂದ್ರೆ ನಿಮ್ಮಜ್ಜಿ ಊರು, ಅಲ್ಲಿ ಆಕಾಶ ತೊಳೆದಿಟ್ಟ ಹಾಗಿರುತ್ತಂತೆ," ಎಂದು ಅವನೇ ಮುಂದುವರಿಸಿದ. "ಮೈನಸ್ ಮೂವತ್ತು!"

"ಮೈನಸ್ ಮೂವತ್ತಕ್ಕೆ ನಿನ್ನ ಮೂಗು ಉದುರಿಹೋಗುತ್ತೆ. ಆಮೇಲೆ ಕನ್ನಡಕ ಎಲ್ಲಿ ಕೂರಿಸ್ಲಿ ನಾನು?"

ಆ ಕನ್ನಡಕ ಕೂರಿಸಿದವಳು ಅವಳೇ. ರಾವ್ನಾ ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವವಳು. ಐವಿಂಡ್ ನಗರದ ಟ್ರಾಮ್ ಓಡಿಸುವವನು. ಮೊದಲ ಸಲ ಅವಳೆದುರು ಕೂತಾಗ ಅಕ್ಷರ ಓದುವುದು ಬಿಟ್ಟು ಅವಳನ್ನೇ ನೋಡುತ್ತಿದ್ದ. "ಅಕ್ಷರ ಗೋಡೆ ಮೇಲಿವೆ, ನನ್ನ ಮುಖದ ಮೇಲಲ್ಲ," ಎಂದಿದ್ದಳು. "ಗೋಡೆ ಮಸುಕಾಗಿದೆ, ಮುಖ ಸ್ಪಷ್ಟವಾಗಿದೆ," ಎಂದಿದ್ದ ಆಸಾಮಿ. ಅಲ್ಲಿಂದ ಶುರುವಾದದ್ದು ಈಗ ಒಂದೇ ಮನೆ, ಒಂದೇ ಕಾಫಿ ಪಾತ್ರೆಯವರೆಗೆ ಬಂದಿತ್ತು.

ಇನ್ನೂ ಮುಂದಕ್ಕೆ ಹೋಗಲಿದೆ ಎಂಬುದೂ ಅವಳಿಗೆ ಗೊತ್ತಿತ್ತು. ಹಿಂದಿನ ವಾರ ಅವಳು ಸೋಫಾದಲ್ಲಿ ತೂಕಡಿಸುತ್ತಿದ್ದಾಗ ಅವನು ಬೆಕ್ಕಿನ ಹೆಜ್ಜೆಯಲ್ಲಿ ಬಂದು, ಅವಳ ಬೆರಳಿಗೆ ಕೆಂಪು ಉಣ್ಣೆಯ ಎಳೆ ಸುತ್ತಿ ಉಂಗುರಕ್ಕೆ ಅಳತೆ ತೆಗೆದಿದ್ದ. ಕಣ್ಣು ಮುಚ್ಚಿ ಹಾಲು ಕುಡಿದರೆ ಯಾರಿಗೂ ಕಾಣುವುದಿಲ್ಲವೆಂದು ಬೆಕ್ಕಿಗೆ ಅನಿಸುತ್ತದೆ. ರಾವ್ನಾ ಒಂದು ಕಣ್ಣು ತೆರೆದೇ ಇದ್ದಳು.

ಆ ಬೆಳಕಿನ ಕೆಳಗೆ ನಿಲ್ಲಿಸಿ ಕೇಳುತ್ತಾನೆ. ಕೇಳಲಿ. ಅವಳ 'ಹೂಂ' ಎಂದೋ ತಯಾರಾಗಿತ್ತು. ಆದರೆ ಅದನ್ನು ಹೇಳುವುದು ಹೇಗೆ?

ರಾವ್ನಾ ಉತ್ತರದ ಹಿಮಸೀಮೆಯ ಸಾಮಿ ಬುಡಕಟ್ಟಿನ ಹುಡುಗಿ. ಅಜ್ಜಿಯ ಮನೆಯಲ್ಲಿ ಆಕಾಶಕ್ಕೆ ಬೆಳಕು ಬಂದಿತೆಂದರೆ ಮಾತಿಲ್ಲ, ನಗುವಿಲ್ಲ, ಸಿಳ್ಳೆಯಂತೂ ಇಲ್ಲವೇ ಇಲ್ಲ. ಮೇಲಿನದಕ್ಕೆ ಕೇಳಿಸುತ್ತದೆ, ಗೌರವ ಕೊಡಬೇಕು ಎನ್ನುವರು. ಹಿಂದೆ ಹಿಮಸಾರಂಗದ ಕೊರಳ ಗಂಟೆಯನ್ನೂ ಬಿಚ್ಚುತ್ತಿದ್ದರಂತೆ. ಬರ್ಗೆನ್ನಿಗೆ ಬಂದ ಹೊಸದರಲ್ಲಿ ಐವಿಂಡನ ಗೆಳೆಯರು, "ನಿಮ್ಮವರು ಅದಕ್ಕೆ ಹೆದರ್ತಾರಂತೆ, ಹೌದಾ?" ಎಂದು ಕೆಣಕಿದ್ದರು. ಮರ್ಯಾದೆ ಉಳಿಸಿಕೊಳ್ಳಲು ಅವಳು, "ಅವೆಲ್ಲ ಅಜ್ಜಿ ಕಾಲದ್ದು. ನಾನು ಸಿಳ್ಳೆ ಹೊಡೀತೀನಿ," ಎಂದು ನಕ್ಕುಬಿಟ್ಟಿದ್ದಳು. ಶುದ್ಧ ಸುಳ್ಳು. ಬೆಳಕಿನ ಕೆಳಗೆ ಅವಳು ಈವರೆಗೆ ಕೆಮ್ಮಿದವಳೂ ಅಲ್ಲ. ಆ ಸುಳ್ಳನ್ನು ಈಗ ಒಪ್ಪಿಕೊಳ್ಳುವುದಕ್ಕೆ ನಾಚಿಕೆ.

ಐವಿಂಡನದು ಇನ್ನೊಂದು ಕತೆ. ಹಿಂದೆ ಒಬ್ಬಳನ್ನು ಮದುವೆಗೆ ಕೇಳಿದ್ದ. ಅವಳು ಕಾಫಿ ಆರುವವರೆಗೂ ನೆಲ ನೋಡುತ್ತಾ ಸುಮ್ಮನೆ ಕೂತು, ಎದ್ದು ಹೋಗಿದ್ದಳು. "ಸುಮ್ಮನಿದ್ರೆ ಬೇಡ ಅಂತಾನೇ ಅರ್ಥ," ಎಂದು ಅವನೇ ರಾವ್ನಾಗೆ ಹೇಳಿದ್ದ. "ಎರಡನೇ ಸಲ ಕೇಳೋ ಜಾತಿ ಅಲ್ಲ ನಾನು." ಮೌನಂ ಸಮ್ಮತಿ ಲಕ್ಷಣಂ ಎಂದವರು ಐವಿಂಡನನ್ನು ಕಂಡಿರಲಿಲ್ಲ.

ಆದ್ದರಿಂದಲೇ ಲೊಫೋಟೆನ್. ದಟ್ಟ ಮೋಡದ ಕೆಳಗೆ ಎಷ್ಟು ಬೇಕಾದರೂ ಮಾತಾಡಬಹುದು.

ಮರುದಿನ ಅವನು ಟ್ರಾಮ್ ಇಳಿದು ಬಂದವನೇ ಬೀಗಿದ. "ನಿಮ್ಮಜ್ಜಿಗೆ ಫೋನ್ ಮಾಡಿದ್ದೆ. ಬನ್ನಿ ಅಂದ್ರು. ಟಿಕೆಟ್ಟೂ ಆಯ್ತು!"

ಅಷ್ಟಕ್ಕೆ ಎದೆಗುಂದುವವಳಲ್ಲ ರಾವ್ನಾ. ಬೆಳಕು ಬರುವ ಮೊದಲೇ ಇವನ ಬಾಯಿ ಬಿಡಿಸಿದರಾಯಿತು ಎಂದುಕೊಂಡಳು. ವಿಮಾನದಲ್ಲಿ ಅವನ ಭುಜಕ್ಕೊರಗಿ, "ಐವಿಂಡ್, ನನ್ನನ್ನ ಏನಾದ್ರೂ ಕೇಳ್ಬೇಕಾ ನೀನು?" ಎಂದಳು.

ಅವನು ಕೆಂಪಾದ. ಉಗುಳು ನುಂಗಿದ. "ಹೂಂ... ಉಣ್ಣೆ ಕಾಲುಚೀಲ ಹಾಕ್ಕೊಂಡ್ಯಾ?"

"ನಿನ್ನ ತಲೆ!"

ಕರಾಶೋಕ್‌ನಲ್ಲಿ ಎರಡು ದಿನ ಎಡೆಬಿಡದೆ ಹಿಮ ಸುರಿಯಿತು. ಅವನ ಮುಖ ಇಳಿದಷ್ಟೂ ಅವಳ ಮುಖ ಅರಳಿತು. ಅಜ್ಜಿ ಮಾರೆತ್ ಅಲ್ಲಿನ ವಾಡಿಕೆಯಂತೆ ಕಾಫಿಯಲ್ಲಿ ಚೀಸ್ ತುಂಡು ಹಾಕಿಕೊಟ್ಟಳು, ಒಣಮಾಂಸ ಹೆಚ್ಚಿಕೊಟ್ಟಳು. ಅವನು ಮೂರನೇ ಬಟ್ಟಲು ಸಾರು ಮುಗಿಸಿದಾಗ ಮೊಮ್ಮಗಳ ಕಿವಿಯಲ್ಲಿ, "ಮಾತು ಕಡಿಮೆ, ಊಟ ಜಾಸ್ತಿ. ಇಟ್ಕೊಳ್ಳಬಹುದು ಕಣೇ," ಎಂದಳು.

ಮೂರನೆಯ ದಿನ ಸಂಜೆಯ ಕಾಫಿಯ ಹೊತ್ತಿಗೆ ಹಿಮ ನಿಂತು ಆಕಾಶ ತಿಳಿಯಾಯಿತು. ಇನ್ನು ನಾಚಿಕೆಪಟ್ಟರೆ ಕೆಟ್ಟೆ ಎನಿಸಿತು ರಾವ್ನಾಗೆ. "ಐವಿಂಡ್, ನಿಂಗೊಂದು ವಿಷ್ಯ ಹೇಳ್ಬೇಕು. ಆ ಸಿಳ್ಳೆ..." ಎಂದು ಶುರುಮಾಡಿ ತಿರುಗಿದರೆ ಅವನು ಅಲ್ಲಿರಲಿಲ್ಲ. ಬಾಗಿಲು ಹಾರುಹೊಡೆದಿತ್ತು. ಅಂಗಳದಿಂದ, "ರಾವ್ನಾ! ಬಾರೇ ಬೇಗ!" ಎಂಬ ಕೂಗು.

ಅಜ್ಜಿ ಅವಳ ತಲೆಗೆ ತುಪ್ಪಳದ ಟೋಪಿ ಹಾಕಿ, ಮೂಗಿನವರೆಗೆ ಶಾಲು ಸುತ್ತಿ ಹೊರಗೆ ದಬ್ಬಿದಳು.

ನದಿಯ ಆಚೆ ದಡದಿಂದ ಯಾರೋ ಹಸಿರು ಬಟ್ಟೆ ಕೊಡವಿ ಹರವಿದಂತೆ ಬೆಳಕು ಎದ್ದಿತು. ಹರಡಿತು, ಮಡಿಕೆಯಾಯಿತು, ಅಂಚಿಗೆ ಗುಲಾಬಿ ಬಣ್ಣ ತಂದುಕೊಂಡಿತು. ಅವಳು ಹುಟ್ಟಿದಂದಿನಿಂದ ಕಂಡದ್ದೇ. ಆದರೂ ಅವನು ಪಕ್ಕದಲ್ಲಿ ನಿಂತು ನೋಡುತ್ತಿದ್ದುದರಿಂದ ಹೊಸದಾಗಿತ್ತು. ಸಂತೋಷಕ್ಕೆ ಅವಳ ಕಣ್ಣು ತುಂಬಿತು.

ಐವಿಂಡ್ ಹಿಮದಲ್ಲಿ ಮಂಡಿಯೂರಿದ. ಉಂಗುರ ಬಿದ್ದುಹೋಗದಿರಲೆಂದು ಅದೇ ಕೆಂಪು ಎಳೆಯಿಂದ ಅದನ್ನು ಕೈಗವಸಿಗೆ ಕಟ್ಟಿಕೊಂಡಿದ್ದ.

"ರಾವ್ನಾ, ನನ್ನ ಮದುವೆ ಆಗ್ತೀಯಾ?"

ಬಾಯಿ ತೆರೆದಳು. ನಾಲಿಗೆ ಏಳಲಿಲ್ಲ. ಇಷ್ಟು ವರ್ಷದ ಅಭ್ಯಾಸ ಬಿಡಲಿಲ್ಲ. ಹೌದೆಂದು ತಲೆ ಆಡಿಸಿದಳು, ಮತ್ತೆ ಮತ್ತೆ ಆಡಿಸಿದಳು. ಟೋಪಿ ಶಾಲಿನ ನಡುವೆ ಅದೇನು ಕಾಣಬೇಕು? ಅವನ ಕನ್ನಡಕವೋ ಅವನದೇ ಉಸಿರಿಗೆ ಹೆಪ್ಪುಗಟ್ಟಿ ಬೆಳ್ಳಗಾಗಿತ್ತು.

"ರಾವ್ನಾ? ಏನಾದ್ರೂ ಹೇಳೇ..." ಎಂದು ಅವನು ದನಿ ಎತ್ತಿದ. ಅವಳು ಗಾಬರಿಯಿಂದ ಕೈಗವಸಿನ ಕೈಯನ್ನು ಅವನ ಬಾಯಿಗೆ ಅಡ್ಡ ಹಿಡಿದಳು.

ಅವನ ಹೆಗಲು ಕುಸಿಯಿತು. "ಸರಿ. ಅರ್ಥ ಆಯ್ತು," ಎಂದ ಗವಸಿನೊಳಗಿಂದಲೇ.

ಏನೂ ಅರ್ಥವಾಗಿರಲಿಲ್ಲ ಪುಣ್ಯಾತ್ಮನಿಗೆ! ಅವಳು ಅವನ ತೋಳು ಹಿಡಿದು ಎಬ್ಬಿಸಿ, ಮಂಡಿಮಟ್ಟದ ಹಿಮದಲ್ಲಿ ದರದರನೆ ಎಳೆದುಕೊಂಡು ಹೊರಟಳು. ಅಡುಗೆಮನೆಗೆ ನೂಕಿ, ಬಾಗಿಲು ಹಾಕಿ, ಪರದೆ ಎಳೆದಳು. ಒಲೆಯ ಹತ್ತಿರ ಕಾಫಿ ಪಾತ್ರೆ ಹಿಡಿದಿದ್ದ ಅಜ್ಜಿ ಇಬ್ಬರತ್ತ ತಿರುಗಿದಳು.

"ಸುಳ್ಳು ಹೇಳಿದ್ದೆ ಕಣೋ!" ಶಾಲು ಕಿತ್ತೆಸೆದು ಏದುಸಿರಿನಲ್ಲೇ ಎಂದಳು ರಾವ್ನಾ. "ಸಿಳ್ಳೆ ಹೊಡೀತೀನಿ ಅಂದಿದ್ದು ಸುಳ್ಳು. ಆ ಬೆಳಕಿನ ಕೆಳಗೆ ನಂಗೆ ಮಾತು ಬರಲ್ಲ. ನಮ್ಮಜ್ಜಿಗೂ ಬರಲ್ಲ, ಅವರಜ್ಜಿಗೂ ಬರ್ತಿರ್ಲಿಲ್ಲ. ಅದಕ್ಕೇ ಲೊಫೋಟೆನ್ ಅಂತ ಬಡ್ಕೊಂಡೆ. ಈಗ ಕೇಳು."

"ನಾನು ಎರಡನೇ ಸಲ..."

"ಕೇಳೋ ಜಾತಿ ಅಲ್ಲ ನೀನು. ಗೊತ್ತು. ಬಿಡು, ನಾನು ಕೇಳೋ ಜಾತಿ." ಅವನ ಕನ್ನಡಕ ತೆಗೆದು, ಅಂಗಿಯ ಅಂಚಿನಿಂದ ಒರೆಸಿ, ಮೊದಲ ದಿನ ಕೂರಿಸಿದಷ್ಟೇ ಜೋಪಾನವಾಗಿ ಮೂಗಿನ ಮೇಲೆ ಕೂರಿಸಿದಳು. "ಐವಿಂಡ್, ನನ್ನ ಮದುವೆ ಆಗ್ತೀಯಾ?"

ಈಗ ಅವನಿಗೆ ಅವಳ ಮುಖ ಸ್ಪಷ್ಟವಾಗಿ ಕಂಡಿತು. ಅವನ ಕಣ್ಣೀರು ಇಳಿಯಿತು. ಮಾತು ಮಾತ್ರ ಹೊರಡಲಿಲ್ಲ.

ಅಜ್ಜಿ ಕಾಫಿ ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿದಳು. "ಏನಪ್ಪಾ, ಪರದೆ ಎಳೆದಾಯ್ತು. ಇಲ್ಲಿ ಬಾಯಿ ಬಿಡಬಹುದು."

"ಹೂಂ!" ಎಂದ ಐವಿಂಡ್, ನದಿಯಾಚೆಗೂ ಕೇಳುವಷ್ಟು ಜೋರಾಗಿ.

"ಶ್!" ಎಂದು ಅಜ್ಜಿ, ರಾವ್ನಾ ಇಬ್ಬರೂ ಒಟ್ಟಿಗೇ ಚಾವಣಿಯತ್ತ ಬೆರಳು ತೋರಿಸಿದರು. ಅವನು ತಟ್ಟನೆ ಬಾಯಿ ಮುಚ್ಚಿಕೊಂಡು, ಸದ್ದಿಲ್ಲದೆ ಕೆಂಪು ಎಳೆಯ ಗಂಟು ಬಿಚ್ಚತೊಡಗಿದ.