ಗೊಂಗಡಿ ಮನೆಯ ಫ್ರೆಂಚ್ ಪಾಠ

ಬಾಗಿಲಲ್ಲಿ ನಿಂತವನನ್ನು ನೋಡಿ ಕರುಣಾಳ ಮಾರ್ಕರ್ ಬೋರ್ಡಿನ ಮೇಲೇ ನಿಂತುಬಿಟ್ಟಿತು.

ಎತ್ತರದ ಆಳು. ಕೈಯಲ್ಲಿ ಹೆಲ್ಮೆಟ್, ಪ್ಯಾಂಟಿನ ತುದಿಗೆ ಕೆಸರು, ಮುಖದ ತುಂಬ ನಗು.

"ತಡ ಆತ್ರಿ ಮೇಡಂ. ಮಕ್ತಲ್‌ದಾಗ ಒಂದು ಕುರಿ ಈಯಾಕ ಭಾಳ ತ್ರಾಸ ಪಡ್ತಿತ್ತು. ಎರಡು ಮರಿ ರೀ!"

ಇಡೀ ಕ್ಲಾಸು ನಕ್ಕಿತು. ಕರುಣಾಳಿಗೂ ನಗು ಬಂತು. ನಾರಾಯಣಪೇಟೆಯಲ್ಲಿ ಸೀರೆ ಅಂಗಡಿಯ ಮೇಲಿನ ಕೋಣೆಯಲ್ಲಿ ಭಾನುವಾರ ಫ್ರೆಂಚ್ ಕಲಿಯಲು ಬರುವವರು ಇಂಟರ್ ಕಾಲೇಜಿನ ಮಕ್ಕಳೇ. ಅಂಕ ಸುಲಭವಾಗಿ ಸಿಗುತ್ತದೆಂಬ ಆಸೆ ಅವರಿಗೆ. ಇವನೊಬ್ಬ ಪಶುವೈದ್ಯ. ಕುರಿ ರೋಗಗಳ ಆರು ತಿಂಗಳ ತರಬೇತಿಗೆ ಫ್ರಾನ್ಸಿಗೆ ಅರ್ಜಿ ಹಾಕಿದ್ದನಂತೆ.

"ಹೆಸರು?"

"ಗೊಂಗಡಿ ಭೀಮಶಂಕರ್ ರೀ."

ಅವಳ ನಗು ಅಲ್ಲೇ ಆರಿತು.

ಅವಳೂ ಗೊಂಗಡಿ ಕರುಣಾ! ಈ ಸೀಮೆಯಲ್ಲಿ ಹೆಸರಿಗಿಂತ ಮುಂದೆ ಮನೆ ಹೆಸರು. ಕುರುಬರಲ್ಲಿ ಮನೆ ಹೆಸರು ಒಂದೇ ಎಂದರೆ ಅಣ್ಣ ತಂಗಿ. ಮುಗಿಯಿತು, ಅದರ ಮೇಲೆ ಮಾತೇ ಇಲ್ಲ.

'ಅಯ್ಯೋ... ಬಂದ ಐದು ನಿಮಿಷಕ್ಕೇ ಅಣ್ಣನಾಗಿಬಿಟ್ಟನಲ್ಲ!' ಎಂದುಕೊಂಡಳು. ಆಮೇಲೆ ಹಾಗೆಂದುಕೊಂಡದ್ದಕ್ಕೇ ನಾಚಿದಳು.

ಭೀಮಶಂಕರನಿಗೆ ಯಾವ ಸಂಕೋಚವೂ ಇದ್ದಂತಿರಲಿಲ್ಲ. "ಮೇಡಂ, ನೀವೂ ಗೊಂಗಡಿ ಮನಿಯವ್ರೇನ್ರಿ?" ಎಂದು ಕೇಳಿದವನು, ಹೌದೆಂದಾಗ ಲಾಟರಿ ಹೊಡೆದವನ ಹಾಗೆ ಕುಳಿತ. ಆಮೇಲೆ ಒಂದು ಭಾನುವಾರವೂ ತಪ್ಪಿಸಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಪಾಠ ಕಂಡಿಷನಲ್‌ಗೆ ಬಂತು.

"ನಿಜವಾಗಿ ಆಗಿಲ್ಲ. ಆದರ ಹಂಗಿದ್ದಿದ್ರ ಹಿಂಗ ಆಗ್ತಿತ್ತು ಅಂತೀವಲ್ಲ, ಅದಕ್ಕ ಇದು," ಎಂದಳು ಕರುಣಾ. "ಪಾರ್ಲೇ ಅಂದ್ರ ಮಾತಾಡೋದು. ಕ್ರಿಯಾಪದ ಪೂರ್ತಿ ಇಟ್ಕೋರಿ, ಏನೂ ಕಡೀಬ್ಯಾಡ್ರಿ. ಅದರ ತುದಿಗೆ ಪ್ರತ್ಯಯ ಹಚ್ರಿ. ಜ್ಯ ಪಾರ್ಲರೆ, ನಾನು ಮಾತಾಡ್ತಿದ್ದೆ. ತ್ಯು ಪಾರ್ಲರೆ, ನೀನು. ಇಲ್ ಪಾರ್ಲರೆ, ಅವನು. ನು ಪಾರ್ಲರಿಯೋಂ, ನಾವು. ವು ಪಾರ್ಲರಿಯೇ, ನೀವು. ಅವರು ಅನ್ನಾಕ ಮತ್ತ ಇಲ್ ಪಾರ್ಲರೆ."

"ನಾಕು ಒಂದೇ ಥರ ಕೇಳಸ್ತಾವಲ್ರೀ!"

"ಬರೆಯೋದು ಬ್ಯಾರೆ ಬ್ಯಾರೆ ಐತಿ. ಬರೀರಿ ಡಾಕ್ಟ್ರೇ, ಬಾಯಿ ಸಾಕು."

ಕ್ಲಾಸು ಬಿಟ್ಟಿತು. ಮಕ್ಕಳೆಲ್ಲ ಇಳಿದುಹೋದರೂ ಭೀಮಶಂಕರ್ ಮೆಟ್ಟಿಲ ಬಳಿಯೇ ನಿಂತಿದ್ದ.

"ಮೇಡಂ, ಒಂದು ವಾಕ್ಯ ಮಾಡೀನಿ. ಸರಿ ಐತೇನು ನೋಡ್ರಿ." ಅವನ ದನಿ ತಗ್ಗಿತು. "ನಿಮಗ ಮನಸ್ಸಿದ್ದಿದ್ರ... ಜ್ಯ ಪಾರ್ಲರೆ. ನಿಮ್ಮ ಮನಿಗೆ ಬಂದು ಮಾತಾಡ್ತಿದ್ದೆ."

ಕರುಣಾಳ ಎದೆ ಹಾರಿತು. ಮರುಕ್ಷಣವೇ ಸಿಟ್ಟು ಬಂತು. ಒಂದೇ ಮನೆಯವನು, ಹೀಗೆ ಕೇಳಬಹುದೇ? ತನ್ನ ಮನಸ್ಸೂ ಅದನ್ನೇ ಬಯಸಿತ್ತಲ್ಲ, ಅದಕ್ಕೇನು ಹೇಳಬೇಕು?

"ಇಂಥಾ ಮಾತು ಆಡಬ್ಯಾಡ, ಅಣ್ಣಾ!"

ಭೀಮಶಂಕರನ ಮುಖ ಬಿಳಿಚಿಕೊಂಡಿತು. "ತಪ್ಪಾತ್ರಿ," ಎಂದಷ್ಟೇ ಹೇಳಿ ಇಳಿದುಹೋದ.

ಮುಂದಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಕರುಣಾ ಪಾಠ ಮಾಡಿದಳು, ಉಂಡಳು, ಮಲಗಿದಳು. ಯಾವುದರಲ್ಲೂ ರುಚಿ ಇರಲಿಲ್ಲ. ಅಷ್ಟರಲ್ಲಿ ಗದ್ವಾಲದಿಂದ ಒಂದು ಸಂಬಂಧ ಬಂತು. ಅಪ್ಪ ಮಾತಾಡಿಬರಲು ಅಲ್ಲಿಗೇ ಹೋದ. "ಹೂಂ ಅಂದುಬಿಡವ್ವ," ಎಂದಳು ತಾಯಿ ಕುರುಮಮ್ಮ. "ಹೂಂ," ಎಂದಳು ಕರುಣಾ. ಬೇಡವೆನ್ನಲು ಅವಳ ಬಳಿ ಕಾರಣವಾದರೂ ಏನಿತ್ತು?

ಅದೇ ಸಂಜೆ ಹೊರಗೆ ಬೈಕು ನಿಂತ ಸದ್ದಾಯಿತು.

"ಅತ್ತೀ, ಮೇಡಂ ಅದಾರೇನ್ರಿ? ನಾಳೆ ನನ್ನ ಫ್ರಾನ್ಸ್ ಇಂಟರ್‌ವ್ಯೂ ಐತಿ. ಹೇಳಿ ಹೋಗೋಣಂತ ಬಂದೆ."

ಒಳಗಿದ್ದ ಕರುಣಾ ಗಕ್ಕನೆ ನಿಂತಳು. ಅತ್ತಿ? ಗೊಂಗಡಿ ಮನೆಯ ಹುಡುಗನಾಗಿದ್ದರೆ ಅವ್ವನನ್ನು ಚಿಗವ್ವ ಅನ್ನಬೇಕಿತ್ತಲ್ಲ!

ಕುರುಮಮ್ಮನಿಗೂ ಅದೇ ಅನುಮಾನ. "ಯಾರ ಮಗನಪ್ಪ ನೀನು?"

"ಉಟ್ಕೂರ್ ಗೊಂಗಡಿ ಜಂಬಪ್ಪನ ತಂಗಿ ಮಗ ರೀ. ನಮ್ಮಪ್ಪ ಮೇಕಲ ಬೀರಯ್ಯ."

ಕರುಣಾ ಓಡಿಬಂದಳು. "ಮೇಕಲ ಮನಿಯವ್ರಾ? ಮತ್ತ ಗೊಂಗಡಿ ಅಂತ ಯಾಕ ಹೇಳಿದ್ರಿ?"

"ನಮ್ಮವ್ವ ಅಪ್ಪ ವರ್ಷದಾಗ ಅರ್ಧ ಕುರಿ ಹೊಡಕೊಂಡು ಕೃಷ್ಣಾ ಹೊಳಿ ದಂಡಿಗೆ ಹೋಗ್ತಿದ್ರು. ನಾ ಮಾವನ ಮನ್ಯಾಗ ಬೆಳೆದೆ. ಸಾಲಿಗೆ ಹಾಕುವಾಗ ಮಾಸ್ತರು ಮನಿ ಹೆಸರು ಕೇಳಿದ್ರಂತ. ಮಾವ ತನ್ನದೇ ಹೇಳಿಬಿಟ್ಟ! ಉಟ್ಕೂರ್‌ದಾಗ ಎಲ್ಲಾರಿಗೂ ಗೊತ್ತೈತಿ. ನಿಮಗೂ ಗೊತ್ತಿರಬೇಕಂತ ತಿಳಿದಿದ್ದೆ ರೀ."

"ನನಗೆಲ್ಲಿ ಗೊತ್ತು..." ಅವಳ ಕಣ್ಣು ತುಂಬಿತು. "ಅದಕ್ಕ ಅಣ್ಣಾ ಅಂದೆ."

ಭೀಮಶಂಕರ್ ಅವಳನ್ನೇ ನೋಡಿದ. "ಅದಕ್ಕ ಅಂದ್ರೇನ್ರಿ? ನಾ ಬ್ಯಾಡಂತ ಅಲ್ಲೇನು?"

ಅವಳು ಅಲ್ಲವೆಂದು ತಲೆ ಅಲ್ಲಾಡಿಸಿದಳು.

"ನೀವು ಗೊಂಗಡಿ ಮನಿಯವ್ರು ಅಂದಾಗ ನನಗೆಷ್ಟು ಖುಷಿ ಆತು ಗೊತ್ತೇನ್ರಿ? ಅವ್ವನ ತವರಿನ ಹುಡುಗಿ, ಕೇಳಾಕ ನನಗ ಹಕ್ಕು ಐತಿ ಅಂತ ಧೈರ್ಯ ಬಂತು!"

ಯಾವ ಹೆಸರು ಕೇಳಿ ಅವಳು ಬಾಗಿಲು ಹಾಕಿಕೊಂಡಿದ್ದಳೋ ಅದೇ ಹೆಸರು ಅವನಿಗೆ ಬಾಗಿಲು ತೆರೆದಿತ್ತು. ಕರುಣಾಳಿಗೆ ಅಳುವೂ ನಗುವೂ ಒಟ್ಟಿಗೇ ಬಂದವು.

"ಫ್ರೆಂಚ್‌ನ್ಯಾಗ ಹೇಳಲೇನ್ರಿ?" ಎಂದ ಮೆಲ್ಲಗೆ.

"ಬ್ಯಾಡ. ಅವ್ವಗ ತಿಳಿಯೂಹಂಗ ಹೇಳ್ರಿ."

ಅವನು ಕುರುಮಮ್ಮನ ಕಡೆ ತಿರುಗಿದ. ಹೆಲ್ಮೆಟ್ ಕೆಳಗಿಟ್ಟು ಕೈ ಜೋಡಿಸಿದ.

"ಅತ್ತೀ... ನಿಮ್ಮ ಮಗಳನ್ನ ನನಗ ಕೊಡ್ರಿ."

ಕುರುಮಮ್ಮ ಇಬ್ಬರನ್ನೂ ಸಾವಕಾಶ ನೋಡಿ ಮಗಳನ್ನು ಕೇಳಿದಳು. "ನಿಮ್ಮಪ್ಪ ಗದ್ವಾಲದಾಗ ಕುಂತಾನ. ಈಗ ಫೋನ್ ಹಚ್ಚಿ ಏನು ಹೇಳಲಿ? ನೀ ಏನಂತಿ?"

ಕರುಣಾ ಫೋನು ತಂದು ತಾಯಿಯ ಕೈಗಿಟ್ಟಳು.

"ನನ್ನ ಇವರಿಗೇ ಕೊಟ್ಟುಬಿಡವ್ವ," ಎಂದಳು.