ಗುಡವಿಗೆ ಬಂದ ಅತಿಥಿ

ಮಲ್ಲೇಶಪ್ಪನನ್ನು ಜಡೆ ಊರಿಗೆ ಮುಟ್ಟಿಸಿದ ಕಾರನ್ನು ಓಡಿಸಿದವನು ಬೇರೆ ಯಾರೂ ಅಲ್ಲ, ಸದಾಶಿವನೇ. ಆ ದಿನ ಅದನ್ನು ನೆನೆದಾಗಲೆಲ್ಲ ತನ್ನ ಕೈಯನ್ನೇ ಶಪಿಸಿಕೊಂಡ.

ಐವತ್ತೆಂಟನೇ ಇಸವಿಯ ದಸರೆ ಕಳೆದ ಒಂದು ಭಾನುವಾರ. ಶಿಕಾರಿಪುರದ ಅಕ್ಕಿ ವ್ಯಾಪಾರಿ ಬೆನಕಪ್ಪನವರು ಹೊಸದಾಗಿ ಕೊಂಡ ಹಳೆಯ ಕಾರಿನಲ್ಲಿ ಹೆಂಡತಿ ರಾಜೇಶ್ವರಮ್ಮ, ಮಗ ಸದಾಶಿವನ ಜೊತೆ ಜಡೆಯ ತಂಗಿಯ ಮನೆಗೆ ಹೊರಟಿದ್ದರು. ಅಲ್ಲಿಂದ ಎಲ್ಲರೂ ಕೂಡಿ ಗುಡವಿ ಕೆರೆಗೆ ಹೋಗಿ, ಹಕ್ಕಿ ನೋಡಿ, ಬುತ್ತಿ ಉಂಡು ಬರುವುದೆಂದು ಮಾತಾಗಿತ್ತು. ಜೊತೆಗಿದ್ದ ಮಲ್ಲೇಶಪ್ಪ ಬೆನಕಪ್ಪನವರ ಗೆಳೆಯರ ಮಗ, ದಾವಣಗೆರೆಯ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಕೊರಳಲ್ಲಿ ದುರ್ಬೀನು. ಹಕ್ಕಿ ನೋಡಲು ಬಂದಿದ್ದಾನೆ ಎಂದೇ ಸದಾಶಿವ ನಂಬಿದ್ದ.

ಶಿರಾಳಕೊಪ್ಪದಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತಿನ್ನಲು ಇಳಿದಾಗ ತಾಯಿ ಪಕ್ಕಕ್ಕೆ ಬಂದರು.

"ಹುಡುಗ ಹೆಂಗದಾನೆ? ನಮ್ಮ ನೀಲಾಗೆ ಒಪ್ತಾನೆ ಅಲ್ಲೇನೋ?"

ಸದಾಶಿವ ಕಚ್ಚಿದ ಬಜ್ಜಿಯನ್ನು ಹಾಗೇ ಪೊಟ್ಟಣಕ್ಕೆ ಹಾಕಿದ. "ನೀಲಾಗಾ?"

"ಮತ್ತೆ? ಅವಳನ್ನ ಮಾಡ್ಕೋತೀಯಾ ಅಂತ ನಿನ್ನ ಎರಡು ಸಲ ಕೇಳಿದೆ. 'ನೋಡಾಣ, ಏನ್ ಅವಸ್ರ' ಅಂದೆ. ಹೆಣ್ಣು ಹೆತ್ತೋರಿಗೆ ಅವಸ್ರ ಇರಲ್ಲೇನಪ್ಪಾ?"

ನೀಲಾಂಬಿಕ ಅವನ ಸೋದರತ್ತೆಯ ಮಗಳು. ಹಿತ್ತಲ ಬಾವಿ ಎಲ್ಲಿಗೆ ಹೋದೀತು ಎಂದು ಯಾರಾದರೂ ಚಿಂತೆ ಮಾಡುತ್ತಾರೆಯೇ? ನೀಲಾ ವಿಷಯದಲ್ಲಿ ಸದಾಶಿವನ ನೆಮ್ಮದಿಯೂ ಅಂಥದ್ದೇ ಆಗಿತ್ತು. ಅಲ್ಲಿಂದ ಮುಂದೆ ಜಡೆಯವರೆಗೆ ಒಂದು ಗುಂಡಿಯನ್ನೂ ತಪ್ಪಿಸದೆ ಕಾರು ಓಡಿಸಿದ.

ಜಡೆಯ ಮನೆಯ ಬಾಗಿಲಲ್ಲಿ ನೀಲಾ ನಿಂತಿದ್ದಳು. ಹಸಿರು ಸೀರೆ, ಹೆರಳಿನ ತುದಿಯಲ್ಲಿ ಅಬ್ಬಲಿಗೆ ಹೂ.

"ಬನ್ನಿ ಭಾವ. ನೀವು ಒಳಗೆ ಕೂತ್ಕಳಿ," ಎಂದಳು.

ನೀವು! ಅವನು ಚಡ್ಡಿ ಹಾಕುತ್ತಿದ್ದ ಕಾಲದಿಂದ ಅವಳು ಅವನನ್ನು ನೀನು ಎಂದೇ ಕರೆದವಳು.

ಹಿತ್ತಲ ಒಲೆಯ ಮೇಲೆ ಮಡಕೆ ಬೋರಲಾಗಿತ್ತು. ಜೋನಿಬೆಲ್ಲ ಕದಡಿದ ತೆಳ್ಳನೆಯ ಅಕ್ಕಿಹಿಟ್ಟನ್ನು ನೀಲಾ ಬಟ್ಟೆ ಸುತ್ತಿದ ಕೋಲಿನಿಂದ ಕಾದ ಮಡಕೆಗೆ ಬಳಿದಳು. ಚುಂಯ್ ಎಂದದ್ದೇ ತಡ, ಅಂಚು ಎತ್ತಿ ಮೆಲ್ಲಗೆ ಸುಲಿದಳು. ಜೇನು ಬಣ್ಣದ, ಬೆಳಕು ಹಾಯುವಷ್ಟು ತೆಳುವಾದ ತೊಡೆದೇವು. ಮಡಚಿ ಬಾಳೆ ಎಲೆಯ ಮೇಲಿಟ್ಟು ಅತಿಥಿಯ ಮುಂದೆ ಹಿಡಿದಳು.

ಮಲ್ಲೇಶಪ್ಪ ಅದನ್ನು ಬೆಳಕಿಗೆ ಎತ್ತಿ ನೋಡಿದ. "ಇದನ್ನ ಓದಬೇಕೋ, ತಿನ್ನಬೇಕೋ?"

ನೀಲಾ ನಕ್ಕಳು. ಸೆರಗು ಬಾಯಿಗೆ ಹೋಗುವ ಮೊದಲೇ ನಗು ಹೊರಗೆ ಬಿದ್ದಿತ್ತು. ಸದಾಶಿವ ಮಲ್ಲೇಶಪ್ಪನ ಮುಖವನ್ನೇ ಸುಡುವಂತೆ ನೋಡಿದ. ಆಮೇಲೆ ತನ್ನ ಪಾಲಿನದನ್ನು ಒಂದೇ ತುತ್ತಿಗೆ ನುಂಗಿದ. ರುಚಿ ಹತ್ತಲಿಲ್ಲ.

"ಹೆಂಗಿದೆ ಭಾವ?"

"ತುಪ್ಪ ಕಮ್ಮಿ."

ಗುಡವಿಗೆ ಹೋಗುವಾಗ ನೀಲಾ, ಅವಳ ತಾಯಿ ನಿರ್ಮಲಮ್ಮ, ತಂದೆ ಮಲ್ಲಿಕಾರ್ಜುನಪ್ಪನವರು ಉಳಿದವರ ಜೊತೆ ಹಿಂದೆ ಒತ್ತಿಕೊಂಡು ಕೂತರು, ಮಲ್ಲೇಶಪ್ಪ ಮುಂದೆ. ಆದರೆ ದಾರಿಯುದ್ದಕ್ಕೂ ಅವನ ಕತ್ತು ಹಿಂದಕ್ಕೇ ತಿರುಗಿತ್ತು. ನೀಲಾಳ ಅಡಿಗೆಗೆ ಯಾವ ಸೊಪ್ಪು, ಯಾವ ಹುಳಿ ಎಂದು ಕೇಳಿದ್ದೇ ಕೇಳಿದ್ದು. ಕತ್ತು ಉಳುಕಬಾರದೇ ಎಂದುಕೊಂಡ ಸದಾಶಿವ.

ಕೆರೆಯೊಳಗೆ ನಿಂತ ಮರಗಳೆಲ್ಲ ಬೆಳ್ಳಗಾಗಿದ್ದವು. ಬೆಳ್ಳಕ್ಕಿ, ಬಾಗಿದ ಕೊಕ್ಕಿನ ಕೆಂಬರಲು, ರೆಕ್ಕೆ ಬಿಚ್ಚಿ ಬಿಸಿಲು ಕಾಯಿಸುವ ನೀರುಕಾಗೆ. ಕಲರವಕ್ಕೆ ಪಕ್ಕದವರ ಮಾತೇ ಕೇಳದು. ಕೇಳದಿದ್ದರೆ ಹತ್ತಿರ ಹೋಗಬೇಕಲ್ಲ! ಮಲ್ಲೇಶಪ್ಪ ಹತ್ತಿರ ಹೋದ. ದುರ್ಬೀನು ತೆಗೆದು ನೀಲಾಳ ಕೈಗೆ ಕೊಟ್ಟ. ಅದರ ಪಟ್ಟಿ ಅವಳ ಕೊರಳಿಗೆ ಬಿತ್ತು.

"ಅಯ್ಯೋ, ಕಣ್ಣೆದುರಿಗೇ ಬಂತು!" ಎಂದು ಅವಳು ಮತ್ತೆ ನಕ್ಕಳು.

ಅಷ್ಟರಲ್ಲಿ ದಡದ ಹತ್ತಿರದ ಗೂಡಿನಿಂದ ನೀರುಕಾಗೆಯ ಮರಿಯೊಂದು ನೀರಿಗೆ ಬಿತ್ತು. "ಪಾಪ!" ಎಂದಳು ನೀಲಾ. ಸದಾಶಿವನಿಗೆ ಅಷ್ಟೇ ಸಾಕಾಯಿತು. ಪಂಚೆ ಎತ್ತಿ ಕಟ್ಟಿ ಕೆಸರಿಗೆ ಇಳಿದೇಬಿಟ್ಟ.

"ಹಂಗೆ ಎದೆಗೆ ಹಿಡೀಬೇಡ್ರೀ!" ಮಲ್ಲೇಶಪ್ಪ ಕೂಗಿದ. "ಹೆದರಿದ್ರೆ ಅದು..."

ಇವನ ಮಾತು ಕೇಳಬೇಕೇ? ಸದಾಶಿವ ಮರಿಯನ್ನು ಎದೆಗೇ ಅವುಚಿಕೊಂಡ. ಹೆದರಿದ ಮರಿ ಕತ್ತು ಚಾಚಿ, ಹೊಟ್ಟೆಯಲ್ಲಿದ್ದ ಮೀನನ್ನೆಲ್ಲ ಅವನ ಬಿಳಿ ಅಂಗಿಯ ಮೇಲೆ ಕಾರಿತು. ಮೀನಿನ ನೆರಳೂ ಸೋಕದ ಮನೆತನದ ಹುಡುಗ! ಆದರೂ ಮರಿಯನ್ನು ಬಿಸಾಡದೆ ಟೊಂಗೆಗೆ ಹತ್ತಿಸಿಯೇ ಬಂದ. ದಡದಲ್ಲಿ ಬೆನಕಪ್ಪನವರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

"ನೀಲಾ, ಅವನಿಗೊಂದು ಟವೆಲ್ ಕೊಟ್ಟು ಬಾರೇ," ಎಂದರು ಅತ್ತೆ ನಿರ್ಮಲಮ್ಮ, ಸೆರಗಿನಿಂದ ಮೂಗು ಮುಚ್ಚಿಕೊಂಡು.

ಪೊದೆಯ ಮರೆಯಲ್ಲಿ ಅವನು ಅಂಗಿ ಉಜ್ಜುತ್ತಿದ್ದ. ನೀಲಾ ನಗಲಿಲ್ಲ. ಟವೆಲನ್ನು ಕಲ್ಲಿನ ಮೇಲಿಟ್ಟು ನಿಂತಳು.

"ಸಂಜೆ ಕಾರು ಹೊರಡೋದ್ರೊಳಗೆ ಅವ್ವಂಗೆ ಹೇಳ್ಬೇಕು. ಹೂಂ ಅಂತಲೋ, ಉಹೂಂ ಅಂತಲೋ."

"ಏನ್ ಹೇಳ್ತೀಯ?"

"ನಿಮಗೆಂತಕ್ಕೆ ಅದು?"

"ಹೂಂ ಅನ್ಬೇಡ ನೀಲಾ."

ಅವಳ ಮುಖ ಕೆಂಪಾಯಿತು. ನಾಚಿಕೆಯಿಂದಲ್ಲ. "ನಿಂಗೆ ನಾನು ಬೇಕಾ ಭಾವ? ಇಲ್ಲಾ, ಅವ್ರಿಗೆ ಸಿಗಬಾರ್ದು ಅಂತ ಅಷ್ಟೇನಾ?"

ನೀನು ಎಂದಿದ್ದಳು. ಸದಾಶಿವ ಅಂಗಿಯನ್ನು ಹಿಂಡಿದ, ಬಿಚ್ಚಿದ, ಮತ್ತೆ ಹಿಂಡಿದ.

"ಬೆಳಿಗ್ಗೆ ಅಷ್ಟೇ ಇತ್ತು. ಒಲೆ ಮುಂದೆ ನೀನು ನಕ್ಕಾಗ ಹೊಟ್ಟೆ ಉರೀತು. ಆಮ್ಯಾಲೆ ಅನ್ನಿಸ್ತು, ಇವಳು ನಗಲಿ ಅಂತ ನಾನು ಯಾವತ್ತಾದ್ರೂ ಒಂದು ಮಾತಾಡಿದೀನಾ? ಬರ್ತಿದ್ದೆ, ಉಣ್ತಿದ್ದೆ, ಹೋಗ್ತಿದ್ದೆ. ನೀನಿಲ್ಲದ ಜಡೆ ನೆನೆಸ್ಕೊಂಡ್ರೆ ಈ ಕಡೆ ದಾರಿನೇ ಬ್ಯಾಡ ಅನ್ನಿಸ್ತೈತಿ. ಅವನು ಬರದಿದ್ರೂ ನೀನು ನಂಗೆ ಬೇಕಿತ್ತು. ಹೇಳೋ ಬುದ್ಧಿ ಇರ್ಲಿಲ್ಲ."

ನೀಲಾ ಅವನ ಕೈಯಿಂದ ಅಂಗಿ ತಗೊಂಡು ಪೊದೆಯ ಮೇಲೆ ಹರವಿದಳು.

"ಮಾತಾಡೋಕೆ ನಿಮ್ಮವ್ವನ ಕಳಿಸ್ಬೇಡ. ಅಪ್ಪನ್ನ ನೀನೇ ಕೇಳು. ಈಗ್ಲೇ."

"ಈ ವೇಷದಲ್ಲಾ?"

"ಹೂಂ, ಇದೇ ವೇಷದಲ್ಲಿ."

ಟವೆಲು ಹೊದ್ದು ಸದಾಶಿವ ಮರದಡಿಗೆ ಬಂದ. ಎಲ್ಲರೂ ಸೌತೆಕಾಯಿ ಕಡುಬಿನ ಬುತ್ತಿ ಬಿಚ್ಚಿ ಕೂತಿದ್ದರು. ನೀಲಾಳ ತಂದೆ ಮಲ್ಲಿಕಾರ್ಜುನಪ್ಪನವರ ಎದುರು ನಿಂತ.

"ಮಾವ, ನೀಲಾನ ನಂಗೆ ಕೊಡ್ರಿ."

ಮಲ್ಲಿಕಾರ್ಜುನಪ್ಪನವರ ಕೈಯ ಕಡುಬು ಅಲ್ಲೇ ನಿಂತಿತು. "ನನ್ನ ಕೇಳ್ತೀಯಲ್ಲ, ಅವಳನ್ನ ಕೇಳಿದ್ಯೇನೋ?"

"ಕೇಳ್ದೆ. ಅಪ್ಪನ್ನ ಕೇಳು ಅಂದ್ಲು."

ಅವರು ಮಗಳ ಕಡೆ ನೋಡಿದರು. ನೀಲಾ ತಲೆ ತಗ್ಗಿಸಲಿಲ್ಲ. ನೇರ ತಂದೆಯ ಕಣ್ಣನ್ನೇ ನೋಡಿ, "ಹೂಂ ಅಪ್ಪ," ಎಂದಳು. ಮಲ್ಲಿಕಾರ್ಜುನಪ್ಪನವರು "ಆಗ್ಲಿ" ಎಂದು ಕಡುಬನ್ನು ಬಾಯಿಗಿಟ್ಟರು. ನೀಲಾ ದುರ್ಬೀನನ್ನು ಕೊರಳಿಂದ ತೆಗೆದು, ಎರಡೂ ಕೈಯಲ್ಲಿ ಹಿಡಿದು ಮಲ್ಲೇಶಪ್ಪನಿಗೆ ಕೊಟ್ಟಳು. "ತಪ್ಪು ತಿಳೀಬೇಡಿ."

ಅವನು ಇಸಕೊಂಡ. "ಹಕ್ಕಿ ನೋಡಿ ಬರ್ತೀನಿ," ಎಂದು ಏರಿಯ ಮೇಲೆ ಒಬ್ಬನೇ ನಡೆದ. ಆ ಬೆನ್ನನ್ನು ನೋಡುತ್ತ ಸದಾಶಿವನಿಗೆ ಗೆದ್ದೆ ಎನಿಸಲಿಲ್ಲ.

ನೀಲಾಳ ಮನೆಯವರನ್ನು ಜಡೆಯಲ್ಲಿ ಇಳಿಸಿ ವಾಪಸು ಬರುವಾಗ ಮಲ್ಲೇಶಪ್ಪ ಮುಂದಿನ ಸೀಟಿನಲ್ಲೇ ಕೂತ. ಕಾರು ಆನವಟ್ಟಿ ದಾಟಿತು.

"ನಂಗೆ ನೀಲಾ ಅವರು ಒಪ್ಪಿಗೆಯಾಗಿದ್ರು," ಮಲ್ಲೇಶಪ್ಪ ಮೆಲ್ಲಗೆ ಹೇಳಿದ. "ಆದ್ರೆ ಕೆರೆ ಹತ್ರ ಬರೋ ಹೊತ್ತಿಗೆ ಗೊತ್ತಾಗಿತ್ತು ಬಿಡ್ರಿ. ನಾನು ಏನಾದ್ರೂ ಅಂದ್ರೆ ನಗೋರು. ನಕ್ಕ ಕೂಡ್ಲೇ ನಿಮ್ಮ ಮುಖ ನೋಡೋರು. ನೀವು ನೋಡ್ಲಿಲ್ವಾ?"

ನೋಡಿರಲಿಲ್ಲ. ಇಡೀ ದಿನ ಸದಾಶಿವ ನೋಡಿದ್ದು ಮಲ್ಲೇಶಪ್ಪನ ಮುಖವನ್ನು.

ಅವನ ಕಾಲು ತಾನಾಗಿ ಬ್ರೇಕು ಒತ್ತಿತು. ಕಾರು ರಸ್ತೆಯ ನಡುವೆಯೇ ನಿಂತಿತು. ಸದಾಶಿವ ಜಡೆಯ ದಾರಿಯ ಕಡೆ ತಿರುಗಿ ನೋಡಿದ.

ಹಿಂದಿನ ಸೀಟಿನಲ್ಲಿ ತೂಕಡಿಸುತ್ತಿದ್ದ ಬೆನಕಪ್ಪನವರು ಅರೆಗಣ್ಣು ತೆರೆದರು.

"ಮುಂದಕ್ಕೆ ಹೊಡಿಯೋ ತಮ್ಮಾ," ಎಂದರು. "ಹಿಂದಕ್ಕೆ ಹೋಗಾಕೆ ಮುಹೂರ್ತ ನೋಡ್ಬೇಕು."